ಘಾಟಿಯ ಏರು, ರಿಯಾಯಿತಿಯ ಲೆಕ್ಕ: ಸಕಲೇಶಪುರ–ಆಲೂರು ಸೀಮೆಯಲ್ಲಿ ಪರ್ಯಾಯ ಇಂಧನ ವಾಹನ ನೀತಿ

ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ. ಅದು 2017ರಲ್ಲಿ. ಅದಕ್ಕೂ ಎಂಟು ವರ್ಷ ಹಿಂದೆ, 2009ರಲ್ಲಿ, ಜೈವಿಕ ಇಂಧನ ನೀತಿಯನ್ನೂ ಇದೇ ರಾಜ್ಯ ರೂಪಿಸಿತ್ತು; ಅದರ ಪ್ರಯೋಗಭೂಮಿಯಾಗಿದ್ದದ್ದು ಹಾಸನ ಜಿಲ್ಲೆ. ಈ ಎರಡು ನೀತಿಗಳನ್ನು ಬೇರೆ ಬೇರೆ ಇಲಾಖೆಗಳ ಕಡತಗಳಂತೆ ನೋಡುವ ರೂಢಿ ಬೆಳೆದಿದೆ. ಅದೇ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ನಿಂತು ಎರಡನ್ನೂ ಜೊತೆಯಾಗಿ ಓದಿದರೆ ಒಂದೇ ಕೊರತೆ ಎದ್ದು ಕಾಣುತ್ತದೆ. ಸರ್ಕಾರದ ಉತ್ತೇಜನ ವಾಹನ ಕೊಳ್ಳುವ ಗಳಿಗೆಗೆ ಸಲ್ಲುತ್ತದೆ. ವಾಹನ ಓಡುವ ನೆಲಕ್ಕಾಗಲಿ ಇಂಧನ ಬೆಳೆಯುವ ನೆಲಕ್ಕಾಗಲಿ ಅದು ಇಳಿದು ಬಂದಿಲ್ಲ. ಈ ಲೇಖನದ ವಾದ ಇಷ್ಟೇ.

ಕೊಳ್ಳುವವರಿಗೆ ಸಿಕ್ಕ ರಿಯಾಯಿತಿ ಸಣ್ಣದಲ್ಲ. ರಾಜ್ಯದಲ್ಲಿ ಪೆಟ್ರೋಲ್ ಕಾರಿನ ಜೀವಿತಾವಧಿ ತೆರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಇದ್ದಾಗ ವಿದ್ಯುತ್ ವಾಹನಗಳಿಗೆ ಪೂರ್ಣ ವಿನಾಯಿತಿ ಇತ್ತು. 12 ಲಕ್ಷ ರೂಪಾಯಿಯ ಕಾರಿಗೆ ಶೇ 17ರ ದರ ಹಿಡಿದರೆ ಉಪಕರ ಬಿಟ್ಟೇ ಎರಡು ಲಕ್ಷ ರೂಪಾಯಿ ಉಳಿತಾಯ. 2024ರ ತಿದ್ದುಪಡಿಯಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇ 10 ತೆರಿಗೆ ಬಂತು, ಅದು ನ್ಯಾಯವೇ. ಕೇಂದ್ರ ಸರ್ಕಾರ 2019ರ ಆಗಸ್ಟ್‌ನಲ್ಲಿ ಜಿಎಸ್‌ಟಿಯನ್ನು ಶೇ 12ರಿಂದ 5ಕ್ಕೆ ಇಳಿಸಿತು. ಫೇಮ್ ಎಂಬ ಕೇಂದ್ರದ ಸಹಾಯಧನ ಯೋಜನೆಯ ಎರಡನೇ ಹಂತದಲ್ಲಿ ದ್ವಿಚಕ್ರ ವಾಹನಗಳಿಗೆ ಬ್ಯಾಟರಿಯ ಪ್ರತಿ ಕಿಲೋವಾಟ್ ಗಂಟೆಗೆ ಒಮ್ಮೆ 15 ಸಾವಿರ ರೂಪಾಯಿವರೆಗೂ ಸಹಾಯಧನ ಸಿಗುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್‌ನಲ್ಲಿ ಅದು 5 ಸಾವಿರಕ್ಕೆ ಇಳಿಯಿತು. ಆದರೆ ಇವೆಲ್ಲ ಹೊಸ ವಾಹನಕ್ಕೆ ಮಾತ್ರ. ಕಾಫಿ ತೋಟಗಳಲ್ಲಿ ಆಳುಗಳನ್ನೂ ಗೊಬ್ಬರವನ್ನೂ ಹೊರುವುದು ಎರಡು ಮೂರು ಕೈ ದಾಟಿ ಬಂದ ಡೀಸೆಲ್ ಜೀಪು ಮತ್ತು ಪಿಕಪ್ಪುಗಳು. ಹೊಸದನ್ನೇ ಕೊಳ್ಳದವರಿಗೆ ತೆರಿಗೆ ವಿನಾಯಿತಿಯಿಂದ ಆಗುವುದೇನೂ ಇಲ್ಲ.

ನೆಲದ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ರಾಷ್ಟ್ರೀಯ ಹೆದ್ದಾರಿ 75 ಹಾಸನದಿಂದ ಆಲೂರನ್ನು ಹಾದು ಸಕಲೇಶಪುರ ಸೇರಿ, ದೋಣಿಗಾಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯಲ್ಲಿ ಗುಂಡ್ಯಕ್ಕೆ ಇಳಿಯುತ್ತದೆ. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ. ಗುಂಡ್ಯದಿಂದ ಮೇಲಕ್ಕೆ ಸುಮಾರು 800 ಮೀಟರ್ ಏರು ಎಂದು ಹಿಡಿಯೋಣ. ಒಂದು ಟನ್ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು, ಘರ್ಷಣೆ ಮತ್ತು ಮೋಟಾರಿನ ನಷ್ಟ ಸೇರಿಸದೆಯೂ, 2.2 ಯೂನಿಟ್ ವಿದ್ಯುತ್ ಬೇಕು. ಸರಕು ತುಂಬಿ ಮೂರು ಟನ್ ತೂಗುವ ಪಿಕಪ್ಪಿಗೆ ಆರೂವರೆ ಯೂನಿಟ್. ಸವಾರನೂ ಸೇರಿ 250 ಕಿಲೋ ತೂಗುವ ಸ್ಕೂಟರಿಗೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು; ಅದರ ಬ್ಯಾಟರಿ ಮೂರು ಯೂನಿಟ್‌ನದಾದರೆ ಆರನೇ ಒಂದು ಪಾಲಿಗೂ ಮಿಕ್ಕಿದ್ದು ಬರೀ ಏರಿಗೇ ಹೋಯಿತು. ಫೇಮ್ ಎರಡನೇ ಹಂತದ ಸಹಾಯಧನಕ್ಕೆ ಸ್ಕೂಟರು ಒಮ್ಮೆ ಚಾರ್ಜ್ ಮಾಡಿದರೆ ಕನಿಷ್ಠ 80 ಕಿ.ಮೀ. ಓಡಬೇಕು ಎಂಬ ನಿಯಮವಿತ್ತು. ಆ ಓಟವನ್ನು ಅಳೆಯುವುದು ಪ್ರಯೋಗಾಲಯದ ರೋಲರಿನ ಮೇಲೆ. ಅಲ್ಲಿ ದೋಣಿಗಾಲಿನ ತಿರುವಿಲ್ಲ.

ಹಾಗೆಂದು ಘಾಟಿ ಹತ್ತುವ ಕಸುವು ಈ ವಾಹನಗಳಿಗೆ ಇಲ್ಲವೆಂದಲ್ಲ. ನಿಧಾನ ವೇಗದಲ್ಲಿ ಪೂರ್ಣ ಎಳೆತ ಕೊಡುವ ಗುಣ ವಿದ್ಯುತ್ ಮೋಟಾರಿಗೆ ಹುಟ್ಟಿನಿಂದಲೇ ಇದೆ; ಕೆಎಸ್‌ಆರ್‌ಟಿಸಿಯ 'ಇವಿ ಪವರ್ ಪ್ಲಸ್' ಬಸ್ಸುಗಳು 2023ರಿಂದ ಬೆಂಗಳೂರಿನಿಂದ ಮಡಿಕೇರಿಗೆ ಹತ್ತುತ್ತಿವೆ. ತೊಡಕಿರುವುದು ಚಾರ್ಜಿಂಗ್ ಕೇಂದ್ರ ಎಲ್ಲಿರಬೇಕು ಎನ್ನುವ ನಿಯಮದಲ್ಲಿ. ಕೇಂದ್ರ ಇಂಧನ ಸಚಿವಾಲಯದ 2018ರ ಡಿಸೆಂಬರ್ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಕೇಂದ್ರ ಎಂದಿತು. ಅಳತೆ ದೂರದ್ದು ಮಾತ್ರ, ಎತ್ತರದ್ದಲ್ಲ. ಹಾಸನ ಮತ್ತು ಸಕಲೇಶಪುರದ ನಡುವಿನ 40 ಕಿ.ಮೀ. ಬೇರೆ, ಗುಂಡ್ಯದ ಮೇಲಿನ 40 ಕಿ.ಮೀ. ಬೇರೆ. ಇಳಿಜಾರಿನಲ್ಲಿ ವಾಹನ ಬ್ರೇಕಿನ ಶಕ್ತಿಯನ್ನು ಒಂದಿಷ್ಟು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸಕಲೇಶಪುರದಲ್ಲಿ ತುಂಬ ಚಾರ್ಜ್ ಮಾಡಿ ಘಾಟಿ ಇಳಿದರೆ ಆ ಶಕ್ತಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಶಾಖವಾಗಿ ವ್ಯರ್ಥವಾಗುವುದಷ್ಟೇ ಅಲ್ಲ, ಇಳಿಯುವ ಭಾರವೆಲ್ಲ ಚಕ್ರದ ಬ್ರೇಕಿನ ಮೇಲೇ ಬೀಳುತ್ತದೆ. ಆದ್ದರಿಂದ ಹತ್ತುವವರಿಗೆ ತಪ್ಪಲಿನಲ್ಲಿ, ಅಂದರೆ ಗುಂಡ್ಯದ ಆಸುಪಾಸಿನಲ್ಲಿ, ಕೇಂದ್ರ ಬೇಕು. ಇಳಿಯುವವರು ಮೇಲೆ ಬ್ಯಾಟರಿ ತುಂಬಿಸಿಕೊಳ್ಳುವ ಅಗತ್ಯವೇ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ರೈಲುಮಾರ್ಗವನ್ನು, 57 ಸುರಂಗಗಳೊಡನೆ, ಕಟ್ಟಿದ ಎಂಜಿನಿಯರುಗಳು 50 ಮೀಟರಿಗೆ ಒಂದು ಮೀಟರ್ ಏರು ಎಂಬ ಅಂಕಿಯಿಂದಲೇ ಲೆಕ್ಕ ಶುರು ಮಾಡಿದರು. ರಸ್ತೆಯ ನೀತಿಗೆ ಆ ಅಂಕಿ ಇನ್ನೂ ತಲುಪಿಲ್ಲ.

ಮಳೆಗಾಲದಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜರಿದಾಗ ಆದಂತೆ ಘಾಟಿ ಮುಚ್ಚಿದರೆ ಚಾರ್ಮಾಡಿಯ ಕಡೆ ಸುತ್ತಬೇಕು. ಅದೇ ವಾರಗಳಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿಯುವುದೂ ಇಲ್ಲಿ ಪ್ರತಿವರ್ಷದ ಮಾತು. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಸೆಸ್ಕ್. ಆದರೆ ಚಾರ್ಜಿಂಗ್ ಕೇಂದ್ರಗಳ ವಿಷಯದಲ್ಲಿ ರಾಜ್ಯದ ನೋಡಲ್ ಸಂಸ್ಥೆ ಬೆಂಗಳೂರಿನ ಬೆಸ್ಕಾಂ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಕೊಟ್ಟಿವೆ. ಹೊಸ ಸಂಪರ್ಕದ ಗಡುವು ಮಹಾನಗರಗಳಲ್ಲಿ 3 ದಿನ, ಉಳಿದ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ. ಗುಡ್ಡಗಾಡಿನ ಹಳ್ಳಿಗಳಿಗೆ ಮಾತ್ರ ಹಳೆಯ 30 ದಿನವೇ ಉಳಿಯಿತು. ಕಂಬ ನೆಡಲು ಇಲ್ಲಿ ಹೆಚ್ಚು ಸಮಯ ಬೇಕು, ನಿಜ. ಆದರೆ ಬೆಟ್ಟದ ಸೀಮೆಯನ್ನು ಕಾನೂನು ಹೆಸರಿಸಿ ಗುರುತಿಸಿದ್ದು ಕಾಯಿಸುವುದಕ್ಕೆ; ಹೆಚ್ಚಿನ ನೆರವು ಕೊಡುವುದಕ್ಕಲ್ಲ.

ಇನ್ನು ಇಂಧನ ಬೆಳೆಯುವ ನೆಲದ, ಅಂದರೆ ಹೊಂಗೆಯ ಕಥೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೇನೂರಿನಲ್ಲಿ 2007ರ ಹೊತ್ತಿಗೆ ಜೈವಿಕ ಇಂಧನ ಪಾರ್ಕ್ ಆರಂಭಿಸಿತು. ಉಳುವ ಹೊಲವನ್ನು ಮುಟ್ಟದೆ ಬದು, ಬೇಲಿ, ಪಾಳುಜಾಗಗಳಲ್ಲಿ ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಬೆಳೆಸುವುದು, ಊರಿನವರೇ ಬೀಜ ಆಯ್ದು ತರುವುದು ಅದರ ಕ್ರಮ. ಅನ್ನದ ಬೆಳೆಗೂ ಇಂಧನಕ್ಕೂ ಜಗಳ ಹಚ್ಚದ ಈ ಕಲ್ಪನೆ ನಮ್ಮ ನಾಡು ಕೊಟ್ಟ ಅತ್ಯುತ್ತಮ ಇಂಧನ ಚಿಂತನೆಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ಮೂರು ನಾಲ್ಕು ಕಿಲೋ ಹೊಂಗೆ ಬೀಜ ಗಾಣಕ್ಕೆ ಹಾಕಿದರೆ ಒಂದು ಲೀಟರ್ ಎಣ್ಣೆ. ಅದಕ್ಕೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಕಾಯಿಸಿ ಬಿಟ್ಟರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲಿನದ್ದನ್ನು ತೊಳೆದು ಆರಿಸಿದರೆ ಬಯೋಡೀಸೆಲ್. ಗಾಣದಲ್ಲಿ ಉಳಿದ ಹಿಂಡಿ ಕಾಫಿ, ಅಡಿಕೆ ತೋಟಗಳಿಗೆ ಗೊಬ್ಬರ. ಬಯಲುಸೀಮೆಯ ಬೀಜ ಮಲೆನಾಡಿನ ಗಿಡದ ಬುಡಕ್ಕೂ ಜೀಪಿನ ಟ್ಯಾಂಕಿಗೂ ಒಂದೇ ಜಿಲ್ಲೆಯೊಳಗೆ ಸಲ್ಲಬಹುದಾದ ದಾರಿಯಿದು.

ಆ ದಾರಿ ಏಕೆ ಅಗಲವಾಗಲಿಲ್ಲ? ಎಥೆನಾಲ್ ಜೊತೆ ಹೋಲಿಸಿದರೆ ಉತ್ತರ ಸಿಗುತ್ತದೆ. ಕಬ್ಬಿನ ಎಥೆನಾಲ್‌ಗೆ ಕೇಂದ್ರ ಸರ್ಕಾರ ಪ್ರತಿವರ್ಷ ದರ ನಿಗದಿ ಮಾಡಿತು, ತೈಲ ಕಂಪನಿಗಳು ಕೊಂಡವು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2030ಕ್ಕೆಂದು ಇಟ್ಟಿದ್ದ ಶೇ 20ರ ಮಿಶ್ರಣ 2025ರಲ್ಲೇ ಕೈಗೂಡಿತು. ಅದೇ ನೀತಿ ಡೀಸೆಲ್‌ಗೆ ಶೇ 5 ಬಯೋಡೀಸೆಲ್ ಬೆರೆಸುವ ಗುರಿಯನ್ನೂ ಇಟ್ಟಿತ್ತು. ಅದು ಶೇ 1ನ್ನೂ ಮುಟ್ಟಲಿಲ್ಲ. ಬದುವಿನ ಮರದ ಬೀಜಕ್ಕೆ ಸಕ್ಕರೆ ಕಾರ್ಖಾನೆಗೆ ಸಿಕ್ಕಂಥ ಖರೀದಿಯ ಭರವಸೆ ಸಿಗಲಿಲ್ಲ. ನೆಟ್ಟ ಹೊಂಗೆ ಫಲ ಕೊಡಲು ಐದಾರು ವರ್ಷ ಬೇಕು. ಅಷ್ಟು ಕಾಲ ಕಾಯುವ ರೈತನಿಗೆ ಬೀಜ ಕೊಳ್ಳುವವರು ಯಾರು ಎನ್ನುವುದು ನೆಡುವ ದಿನವೇ ಗೊತ್ತಿರಬೇಕು.

ನಿಯಂತ್ರಣದ ಬದಿಯಲ್ಲೂ ಇದೇ ತಾರತಮ್ಯವಿದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬ್ಯಾಟರಿ, ಎಥೆನಾಲ್ ಮತ್ತು ಮೆಥನಾಲ್‌ನಿಂದ ಓಡುವ ಸಾರಿಗೆ ವಾಹನಗಳಿಗೆ ಪರ್ಮಿಟ್ ಬೇಡವೆಂದಿತು. ಆ ಪಟ್ಟಿಯಲ್ಲಿ ಬಯೋಡೀಸೆಲ್ ಇಲ್ಲ. ಪೂರ್ತಿ ಬಯೋಡೀಸೆಲ್‌ನಲ್ಲಿ ಓಡುವ ಬಾಡಿಗೆ ಪಿಕಪ್ಪಿಗೂ ಡೀಸೆಲ್ ಪಿಕಪ್ಪಿನದೇ ಕಟ್ಟಳೆ.

ರಾಜ್ಯ 2025ರಲ್ಲಿ ಮುಂದಿನ ಐದು ವರ್ಷಗಳಿಗೆ ಸ್ವಚ್ಛ ಸಂಚಾರ ನೀತಿಯನ್ನು ಪ್ರಕಟಿಸಿದೆ. ಅದರ ಕೆಳಗೆ ಬರುವ ಆದೇಶಗಳಲ್ಲಿ ಮೂರು ಮಾತು ಸೇರಬೇಕೆಂದು ಇಂಧನ ಮತ್ತು ಸಾರಿಗೆ ಇಲಾಖೆಗಳನ್ನು ಈ ಲೇಖನ ಕೇಳಿಕೊಳ್ಳುತ್ತದೆ: ಘಾಟಿ ರಸ್ತೆಗಳಲ್ಲಿ ಚಾರ್ಜಿಂಗ್ ಕೇಂದ್ರದ ಜಾಗವನ್ನು ಏರಿನ ಲೆಕ್ಕದಲ್ಲಿ ಗೊತ್ತುಮಾಡಲಿ, ತೋಟದ ಹಳೆಯ ಜೀಪನ್ನು ಗುಜರಿಗೆ ಕೊಟ್ಟು ವಿದ್ಯುತ್ ಪಿಕಪ್ ಕೊಳ್ಳುವವರಿಗೆ ಪ್ರತ್ಯೇಕ ನೆರವು ಸಿಗಲಿ, ಹೊಂಗೆ ಬೀಜಕ್ಕೆ ಹಂಗಾಮಿಗೆ ಮುನ್ನವೇ ಖರೀದಿ ದರ ಘೋಷಣೆಯಾಗಲಿ.