ಚಾವಡಿಗೆ ಬಂದ ಆಟ

2021ರ ಫೆಬ್ರವರಿ. ಅತ್ತೆಯ ತವರುಮನೆಯಲ್ಲಿ ಕಟೀಲು ಮೇಳದ ಹರಕೆ ಆಟ, ಶ್ರೀದೇವಿ ಮಹಾತ್ಮೆ. ಕಟೀಲಿನ ಆಟ ಅಂದ್ರೆ ಇವತ್ತು ಬರೆಸಿ ನಾಳೆ ಆಡಿಸುವಂಥದ್ದಲ್ಲ. ಆಗ ಆರು ಮೇಳ ಇದ್ದರೂ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟು ಕಾದು ಸಿಕ್ಕಿದ ಆಟಕ್ಕೆ ಎಂಬತ್ತೆರಡು ವರ್ಷದ ಅತ್ತೆಯನ್ನು ಕರೆದುಕೊಂಡು ಹೋಗಲಿಕ್ಕೆ ನಮಗೆ ಧೈರ್ಯ ಬರಲಿಲ್ಲ. ಕೊರೊನಾದ ಹೆದರಿಕೆ. ಬಾವ ಯೂಟ್ಯೂಬ್ ಲೈವಿಗೆ ವ್ಯವಸ್ಥೆ ಮಾಡಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿದ್ರು.

ಮುಂಬಯಿಯವರು, ದುಬಾಯಿಯವರು, ಮಂಗಳೂರಿನ ನಾವು, ಎಲ್ಲರೂ ಟಿವಿ ಎದುರು, ಕೈಯಲ್ಲಿ ಫೋನು. ಮಹಿಷಾಸುರ ಬರುವ ಹೊತ್ತಾಯ್ತು. ನಮ್ಮಲ್ಲಿ ಚೆಂಡೆ ಇನ್ನೂ ಏರಿರಲಿಲ್ಲ, ಮುಂಬಯಿಯಿಂದ "ಬಂತು ಬಂತು" ಅಂತ ಮೆಸೇಜ್ ಬಂದಾಗಿತ್ತು. ಅವರ ಇಂಟರ್ನೆಟ್ ನಮ್ಮದಕ್ಕಿಂತ ಅರ್ಧ ನಿಮಿಷ ಮುಂದೆ! ಆಮೇಲೆ ನಮಗೂ ಗರ್ನಾಲಿನ ಶಬ್ದ ಕೇಳಿತು. ಆದ್ರೆ ಕ್ಯಾಮರಾ ರಂಗಸ್ಥಳ ಬಿಟ್ಟು ಅಲುಗುದಿಲ್ಲ. ಮಹಿಷಾಸುರ ಬರುದು ಸಭೆಯ ಹಿಂದಿನಿಂದ ಅಲ್ಲವಾ, ದೊಂದಿ ಹಿಡಿದುಕೊಂಡು, ರಾಳ ಎರಚಿಕೊಂಡು. ಗ್ರೂಪಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಎಲ್ಲಿ, ಎಲ್ಲಿ? ಅತ್ತೆ ಮಾತ್ರ ಟಿವಿ ಬಿಟ್ಟು ಹಿಂದೆ ತಿರುಗಿ ನಮ್ಮ ಬಾಗಿಲ ಕಡೆ ನೋಡಿದ್ರು.

ಅದನ್ನು ನೋಡಿ ಮಕ್ಕಳು ನಗಾಡಿದರು. ನನಗೆ ನಗು ಬರಲಿಲ್ಲ. ಅತ್ತೆಯ ಕಾಲದಲ್ಲಿ ಆಟ ನಿಜವಾಗಿ ಬಾಗಿಲಿನಿಂದಲೇ ಒಳಗೆ ಬರ್ತಿತ್ತು.

ಮನೆಯಲ್ಲಿ ಕೂತು ಆಟ ನೋಡುದು ಕೊರೊನಾ ತಂದ ಹೊಸ ಸಂಗತಿ ಅಂತ ತುಂಬ ಜನ ಹೇಳ್ತಾರೆ. ಹಾಗಲ್ಲ. ದೀಪಾವಳಿ ಕಳೆದು ಹೊರಟ ಮೇಳ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ತದೆ. ಮಳೆಗಾಲದಲ್ಲಿ ಬಯಲಿನಲ್ಲಿ ಆಟ ಇಲ್ಲ. ಆಗ ಚಾವಡಿಯಲ್ಲಿ ತಾಳಮದ್ದಳೆ: ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಅರ್ಥಧಾರಿಗಳ ಮಾತು ಅಷ್ಟೆ. ಇನ್ನೊಂದು ಚಿಕ್ಕಮೇಳ. ಸಂಜೆ ಹಿಮ್ಮೇಳದವರೂ ಒಂದೆರಡು ವೇಷವೂ ಮನೆಮನೆಗೆ ಬರುದು. ದೀಪ ಹಚ್ಚಿ, ಎದುರು ಅಕ್ಕಿ, ತೆಂಗಿನಕಾಯಿ ಇಟ್ಟು ಮನೆಯವರು ನೆಲದಲ್ಲಿ ಕೂತರೆ ಸ್ವಲ್ಪ ಹೊತ್ತಿನ ಒಂದು ಕಥೆ. ಹೋಗುವಾಗ ಆ ಅಕ್ಕಿ-ಕಾಯಿ, ಕೈಲಾದಷ್ಟು ದುಡ್ಡು ಅವರಿಗೆ. ಮಳೆಗಾಲದಲ್ಲಿ ಕಲಾವಿದರ ಒಲೆ ಉರಿಯಲಿಕ್ಕೆ ಅದೂ ಒಂದು ದಾರಿ.

1976ರಲ್ಲಿ ಮಂಗಳೂರು ಆಕಾಶವಾಣಿ ಸುರುವಾಯ್ತು. ರೇಡಿಯೋದಲ್ಲಿ ಯಕ್ಷಗಾನ ಇರುವ ರಾತ್ರಿ ಊಟ ಬೇಗ. ರೇಡಿಯೋ ಇಲ್ಲದ ಮನೆಯವರು ಇದ್ದ ಮನೆಯ ಜಗಲಿಗೆ. ಮತ್ತೆ ಕ್ಯಾಸೆಟ್ ಬಂತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳ್ತಾ ಇದ್ದ ಹಾಗೆ ಒಂದು ಬದಿ ಮುಗಿದು ಟಕ್ ಅಂತ ನಿಲ್ಲುದು, ಯಾರಾದರೂ ಎದ್ದು ಮಗುಚಿ ಹಾಕುದು. ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಹಪ್ಪಳದ ಒಟ್ಟಿಗೆ ಕ್ಯಾಸೆಟೂ ಮುಂಬಯಿಗೆ, ಗಲ್ಫಿಗೆ ಹೋಯ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ಇಡೀ ರಾತ್ರಿ ಲೈವ್ ನೋಡಲಿಕ್ಕೂ ಯಾರೂ ಲೆಕ್ಕ ಹಾಕ್ಲಿಲ್ಲ.

ಹಾಗಾದ್ರೆ ಲೈವಿನಲ್ಲಿ ಬದಲಾದದ್ದು ಎಂತ? ನನಗೆ ಕಂಡದ್ದು ಎರಡು.

ಒಂದು, ಕಲಾವಿದರಿಗೆ ನಾವು ಕಾಣುದಿಲ್ಲ. ಯಕ್ಷಗಾನದ ಪದ ಬರೆದಿಟ್ಟದ್ದು, ಮಾತು ಅಲ್ಲಲ್ಲೇ ಹುಟ್ಟುವಂಥದ್ದು. ಸಭೆ ನಕ್ಕರೆ ಹಾಸ್ಯಗಾರರು ಇನ್ನೊಂದು ಎಳೆ ಎಳೀತಾರೆ, ಜನ ತೂಕಡಿಸಿದರೆ ಭಾಗವತರು ಸಂದರ್ಭ ಮೊಟಕು ಮಾಡ್ತಾರೆ. ಆ ರಾತ್ರಿ ನಮ್ಮ ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ರಾಶಿ ಬಿದ್ದಿತ್ತು, ರಂಗಸ್ಥಳಕ್ಕೆ ಒಂದೂ ಮುಟ್ಟಲಿಲ್ಲ. ರೇಡಿಯೋದಲ್ಲೂ ಹಾಗೆಯೇ ಇತ್ತು ಅಂತ ನೀವು ಹೇಳಬಹುದು. ಹೌದು. ಆದ್ರೆ ಸ್ಟುಡಿಯೋಕ್ಕೆ ಹೋದ ಕಲಾವಿದರಿಗೆ ಆಕಾಶವಾಣಿ ಸಂಭಾವನೆ ಕೊಡ್ತಿತ್ತು.

ಎರಡನೆಯದ್ದು ಅದೇ, ದುಡ್ಡಿನ ವಿಷಯ. 2020ರ ಮಾರ್ಚ್ ಮಧ್ಯದಲ್ಲಿ ಸರಕಾರ ಜನ ಸೇರುದನ್ನು ನಿಲ್ಲಿಸಿತು, ಮೇಳಗಳು ಪತ್ತನಾಜೆಗೆ ಎರಡು ತಿಂಗಳು ಇರುವಾಗಲೇ ನಿಂತವು. ಮಳೆಗಾಲಕ್ಕೆ ಚಿಕ್ಕಮೇಳವೂ ಇಲ್ಲ. ಯಾರು ಯಾರನ್ನು ಮನೆಯೊಳಗೆ ಕರೆಯುದು? ಕಾಸರಗೋಡಿನ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನದವರು ಕೊರೊನಾ ಜಾಗೃತಿಗೇ ಒಂದು ಯಕ್ಷಗಾನ ಮಾಡಿ ಯೂಟ್ಯೂಬಿಗೆ ಬಿಟ್ಟರು. ಪಟ್ಲ ಫೌಂಡೇಶನ್, ಉಡುಪಿಯ ಯಕ್ಷಗಾನ ಕಲಾರಂಗದಂಥವು ಕಲಾವಿದರ ನೆರವಿಗೆ ನಿಂತವು. ನಾವು? ಹಳೆಯ ಆಟಗಳ ವೀಡಿಯೋ ಹುಡುಕಿ ಹುಡುಕಿ ನೋಡಿದೆವು, ಪುಕ್ಕಟೆ. ಲಾಕ್‌ಡೌನಿನಲ್ಲಿ ನಮ್ಮಷ್ಟು ಆಟ ನೋಡಿದವರು ಯಾರೂ ಇರಲಿಕ್ಕಿಲ್ಲ. ಆಡಿದವರು ಕೆಲಸ ಇಲ್ಲದೆ ಮನೆಯಲ್ಲಿದ್ದರು.

ಅತ್ತೆಯ ತವರಿನ ಆಟಕ್ಕೆ ಬಾವ ಖರ್ಚು ಕೊಟ್ಟಿದ್ದರು, ಅದು ಹರಕೆ. ಆದರೂ ಬೆಳಿಗ್ಗೆ ಮಂಗಳ ಹಾಡಿದ ಮೇಲೆ ಅತ್ತೆ ಟಿವಿ ನಂದಿಸಲಿಕ್ಕೆ ಬಿಡಲಿಲ್ಲ. "ರಾತ್ರಿಯಿಡೀ ಕುಣಿದಿದ್ದಾರೆ. ನಾವು ಎಂತ ಕೊಟ್ಟದ್ದು?" ಅಂತ ಕೇಳಿದ್ರು. ಮಗ "ಲೈಕ್ ಕೊಟ್ಟಿದ್ದೇವೆ ಅಜ್ಜಿ" ಅಂದ. "ಅದನ್ನು ಬೇಯಿಸಲಿಕ್ಕೆ ಆಗ್ತದಾ?"

ನಾನು ಅದನ್ನು ಹಾಗೆಯೇ ಗ್ರೂಪಿಗೆ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮತ್ತೆ ದುಬಾಯಿಯ ಮೈದುನ ಸುರು ಮಾಡಿದ, ಮಧ್ಯಾಹ್ನದೊಳಗೆ ಒಳ್ಳೆ ಮೊತ್ತ ಆಯ್ತು, ಬಾವ ಅದನ್ನು ಮೇಳದವರ ಕೈಗೆ ಮುಟ್ಟಿಸಿದ್ರು. ಏಪ್ರಿಲಿನಲ್ಲಿ ಎರಡನೇ ಅಲೆ ಬಂದು ಮೇಳ ಪುನಃ ನಿಂತಾಗ ಗ್ರೂಪಿನವರೇ ನೆನಪು ಮಾಡಿ ಇನ್ನೊಮ್ಮೆ ಒಟ್ಟು ಮಾಡಿದರು.

ಈಗ ನಮ್ಮ ಗ್ರೂಪಿನಲ್ಲಿ ಅದೊಂದು ಕ್ರಮ. ಯಾರಾದ್ರೂ ಆಟದ ಲಿಂಕ್ ಹಾಕಿದರೆ ಅದರ ಕೆಳಗೆ ಇನ್ನೊಬ್ಬರು "ಅಕ್ಕಿ-ಕಾಯಿ" ಅಂತ ಬರೀತಾರೆ. ಹೊಸತಾಗಿ ಸೇರಿದ ಸೊಸೆಯಂದಿರಿಗೆ ಅದು ಎಂತ ಅಂತ ಗೊತ್ತಾಗುದಿಲ್ಲ. ಚಿಕ್ಕಮೇಳದ ಕಥೆಯಿಂದಲೇ ಹೇಳಬೇಕು. ಹಾಗೆ ಹೇಳಿ ಹೇಳಿಯೇ ಇಷ್ಟು ಬರೆದದ್ದು.