ಹಾವುರಾಣಿಗೆ ಬಂದ ಪರದೇಶದ ಹೆಸರು

ಮಂಡಿಕಲ್ಲಿನ ಕಡೆಯ ಕಲ್ಲುಬದುಗಳ ಮೇಲೆ ಬೆಳಗಿನ ಬಿಸಿಲು ಬಿದ್ದೊಡನೆ ಹಾವುರಾಣಿ ಹೊರಬರುತ್ತದೆ. ಕಂಚಿನ ಮೈ, ಎಣ್ಣೆ ಸವರಿದಂಥ ಹೊಳಪು, ಗಿಡ್ಡ ಕಾಲು. ಕಂಡವರು ಮೊದಲು ಹುಡುಕುವುದು ಕೋಲನ್ನು. ಹಾವುಗಳಿಗೇ ರಾಣಿಯಾದ ಮೇಲೆ ವಿಷವೂ ಹಾವಿನದಕ್ಕಿಂತ ಹೆಚ್ಚಿರಲೇಬೇಕಲ್ಲವೆ ಎಂಬುದು ನಮ್ಮವರ ತರ್ಕ. ನಿಜಕ್ಕೆ ಅದಕ್ಕೆ ವಿಷವೇ ಇಲ್ಲ. ಹುಳುಹುಪ್ಪಟೆ ತಿಂದು ಬದುಕುವ, ಹಲ್ಲಿಯ ಬಳಗದ ಬಡಪ್ರಾಣಿ.

ಈ ಭಯ ನಮ್ಮೊಬ್ಬರದೇ ಅಲ್ಲ. ಭೂಮಿಯ ಆಚೆ ಮಗ್ಗುಲಲ್ಲಿ, ವೆಸ್ಟ್ ಇಂಡೀಸ್ ದ್ವೀಪಗಳ ಮೂಲನಿವಾಸಿಗಳಾದ ಕ್ಯಾರಿಬ್ ಜನ ದುಷ್ಟಶಕ್ತಿಯನ್ನು ‘ಮಬೂಯ’ ಎನ್ನುತ್ತಿದ್ದರು. ಅಲ್ಲಿಯ ಹಾವುರಾಣಿಗೂ ಅದೇ ಹೆಸರು ಅಂಟಿತು. 1826ರಲ್ಲಿ ಆಸ್ಟ್ರಿಯದ ಫಿಟ್ಸಿಂಗರ್ ಅದನ್ನೇ ಶಾಸ್ತ್ರೀಯ ಕುಲನಾಮವಾಗಿ ಎತ್ತಿಕೊಂಡ. ನಮ್ಮದಕ್ಕೆ ಜರ್ಮನಿಯ ಷ್ನೈಡರ್ 1801ರಲ್ಲಿಯೇ, ಹುರುಪೆಗಳ ಮೇಲಿನ ಏಣುಗಳನ್ನು ನೋಡಿ, ‘ಕ್ಯಾರಿನೇಟಸ್’ ಎಂದು ಹೆಸರಿಟ್ಟಿದ್ದ. ಮುಂದಿನ ಪಂಡಿತರು ಎರಡನ್ನೂ ಗಂಟುಹಾಕಿದರು. 1935ರಲ್ಲಿ ಪ್ರಕಟವಾದ ಮ್ಯಾಲ್ಕಂ ಸ್ಮಿತ್ತರ ಗ್ರಂಥದಲ್ಲಿ ಅದು ‘ಮಬೂಯ ಕ್ಯಾರಿನೇಟ’. ಮಂಡಿಕಲ್ಲಿನ ರಾಣಿ ಕ್ಯಾರಿಬ್ ದೆವ್ವವಾಯಿತು!

ಅಲ್ಲಿಂದ ಹೆಸರು ಬಂತು. ಇಲ್ಲಿಂದ ಹೋದದ್ದು ಮುಂಗುಸಿ. ಜಮೈಕದ ಕಬ್ಬಿನ ತೋಟಗಳಲ್ಲಿ ಇಲಿಗಳ ಕಾಟ ತಡೆಯಲಾರದೆ ಎಸ್ಪ್ಯೂಟ್ ಎಂಬ ತೋಟದ ಸಾಹೇಬ 1872ರಲ್ಲಿ ಕಲ್ಕತ್ತೆಯಿಂದ 9 ಮುಂಗುಸಿಗಳನ್ನು ತರಿಸಿದ. ಅವುಗಳ ಸಂತತಿಯನ್ನು ಜನ ದ್ವೀಪದಿಂದ ದ್ವೀಪಕ್ಕೆ ಒಯ್ದರು. ಇಲಿ ರಾತ್ರಿ ತಿರುಗುವಂಥದು, ಮುಂಗುಸಿಯಾದರೋ ಹಗಲಿನ ಬೇಟೆಗಾರ. ಹಗಲಲ್ಲಿ ಬಿಸಿಲು ಕಾಯುತ್ತ ನೆಲದ ಮೇಲೆ ಸಿಕ್ಕಿದ್ದು ಹಾವುರಾಣಿ, ಮುಂಗುಸಿಯೆಂದರೇನೆಂದು ತಲೆತಲಾಂತರದಿಂದ ಅರಿಯದ ಪ್ರಾಣಿ. ಮೇಲಾಗಿ ಆ ದ್ವೀಪದವು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತವೆ. ಬಸಿರು ಒಂದು ವರ್ಷದವರೆಗೂ ನಡೆಯಬಹುದು. ಬಸಿರು ಹೊತ್ತ ಜೀವ ಎಷ್ಟೆಂದು ಓಡೀತು? 1900ರ ಸುಮಾರಿಗೆ ಎಷ್ಟೋ ದ್ವೀಪಗಳಲ್ಲಿ ಅವು ಕಣ್ಮರೆಯಾದವು. 2012ರಲ್ಲಿ ಹೆಡ್ಜಸ್ ಮತ್ತು ಕಾನ್ ಎಂಬ ಅಮೆರಿಕದ ವಿದ್ವಾಂಸರು ವಸ್ತುಸಂಗ್ರಹಾಲಯಗಳ ಜಾಡಿಗಳನ್ನು ತಡಕಿ ಅಲ್ಲಿಯ 24 ಹೊಸ ಜಾತಿಗಳಿಗೆ ಹೆಸರು ಕೊಟ್ಟರು. ಅವುಗಳಲ್ಲಿ ಸುಮಾರು ಅರ್ಧ ಆಗಲೇ ಅಳಿದಿದ್ದವು, ಇಲ್ಲವೆ ಅಳಿಯುವುದರಲ್ಲಿದ್ದವು. ನಾಮಕರಣವೂ ತಿಥಿಯೂ ಒಟ್ಟಿಗೇ ಆದಂತಾಯಿತು.

ಈ ನಡುವೆ 2002ರಲ್ಲಿ, ಏಷ್ಯದ ಹಾವುರಾಣಿಗಳು ಬೇರೆಯೇ ಕುಲದವೆಂದು ತೀರ್ಮಾನವಾಗಿ, ನಮ್ಮದಕ್ಕೆ ‘ಯೂಟ್ರೋಪಿಸ್’ ಎಂಬ ಕುಲನಾಮ ಬಂತು. ದೆವ್ವದ ಹೆಸರು ಬಂದ ಕಡಲಿಗೇ ಹಿಂದಿರುಗಿತು.

ನಮ್ಮ ಕಡೆಯ ಬೇಲಿಗಳಲ್ಲಿಯೂ ಮುಂಗುಸಿ ಉಂಟು. ಕಡಲಾಚೆಗೆ ಹೋದದ್ದರ ದಾಯಾದಿ, ಬೂದು ಮುಂಗುಸಿ. ಎರಡಕ್ಕೂ ಎಂದಿನಿಂದಲೋ ಪರಿಚಯ. ಸದ್ದಾದೊಡನೆ ಹಾವುರಾಣಿ ಕಲ್ಲಿನ ಸಂದಿ ಹೊಗುತ್ತದೆ, ಬಾಲ ಸಿಕ್ಕಿದರೆ ಅದನ್ನೇ ಕಳಚಿಟ್ಟು ಓಡುತ್ತದೆ, ಮೊಟ್ಟೆಯಿಟ್ಟು ಹಗುರಾಗುತ್ತದೆ. ಆದ್ದರಿಂದಲೇ ಇನ್ನೂ ಉಳಿದಿದೆ. ಬದುವಿನ ಕಲ್ಲು ಕಿತ್ತ ಕಡೆ ಮಾತ್ರ ಅದಕ್ಕೆ ಹೊಗಲು ಸಂದಿಯಿಲ್ಲ. ಅಲ್ಲಿ ಕೋಲು ಹಿಡಿದವರ ಕೈಗೆ ಸುಲಭವಾಗಿ ಸಿಗುತ್ತದೆ.