ಕಪ್ ಯಾರಿಗೆ ಎಂದು ಹೇಳುವ ವಿದ್ಯೆ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಆರು ತಿಂಗಳಲ್ಲಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಗುಂಡ್ಲುಪೇಟೆಯಿಂದ ಬಂಡೀಪುರದವರೆಗೆ ಎಲ್ಲರ ಬಾಯಲ್ಲೂ ಇದೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಹೇಳುವವರು ಬೆರಳು ಮಡಚುತ್ತಾ ಹೋಗುತ್ತಾರೆ. 1997ರಲ್ಲಿ ಜಿಲ್ಲೆ ಹೊಸದಾಗಿ ರಚನೆಯಾದಾಗ ಜೆ.ಎಚ್. ಪಟೇಲರು ಪಟ್ಟಣಕ್ಕೆ ಬಾರದೆ ಮಲೆಮಹದೇಶ್ವರ ಬೆಟ್ಟದಿಂದಲೇ ಉದ್ಘಾಟನೆ ಮುಗಿಸಿದರು. ಹಾಗೆ ಹುಷಾರಾಗಿದ್ದ ಪಟೇಲರ ಸರ್ಕಾರ 1999ರಲ್ಲಿ ಹೋಯಿತು. ಊರಿನ ಕಡೆ ತಲೆಹಾಕದ ಎಸ್.ಎಂ. ಕೃಷ್ಣ 2004ರಲ್ಲಿ ಅಧಿಕಾರ ಬಿಟ್ಟರು. ಪದೇ ಪದೇ ಬಂದುಹೋದ ಸಿದ್ದರಾಮಯ್ಯ ಮಾತ್ರ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. 1985ರ ನಂತರ ಕರ್ನಾಟಕದಲ್ಲಿ ಯಾವ ಆಡಳಿತ ಪಕ್ಷವೂ ಬಹುಮತ ಗೆದ್ದು ಮರಳಿಲ್ಲ. ಎಲ್ಲಿಗೆ ಹೋದರೂ, ಹೋಗದಿದ್ದರೂ ಇಲ್ಲಿ ಕುರ್ಚಿ ಅಲುಗಾಡುವುದೇ ವಾಡಿಕೆ. ಆ ವಾಡಿಕೆಯ ದರವನ್ನು ಲೆಕ್ಕಕ್ಕೆ ಹಿಡಿಯದೆ ಹೊಂದಿಕೆಯಾಗುವ ಹೆಸರುಗಳನ್ನಷ್ಟೇ ಪೋಣಿಸಿದರೆ ಯಾವ ಊರಿಗೆ ಬೇಕಾದರೂ ಶಾಪ ಅಂಟಿಸಬಹುದು.

ಆಟದ ಭವಿಷ್ಯ ಹೇಳುವವರ ವಿಷಯದಲ್ಲೂ ಆಗುವುದು ಇದೇ. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪಾಲ್ ಎಂಬ ಆಕ್ಟೋಪಸ್ ಎಂಟಕ್ಕೆ ಎಂಟೂ ಸರಿ ಹೇಳಿತೆಂದು ಜಗತ್ತು ಕುಣಿಯಿತು. ಎರಡು ವರ್ಷ ಮೊದಲು ಯೂರೋ ಕಪ್‌ನಲ್ಲಿ ಅದೇ ಪಾಲ್ ಆರರಲ್ಲಿ ಎರಡು ತಪ್ಪಿದ್ದು ಯಾರಿಗೂ ನೆನಪಿಲ್ಲ.

ಈ ವಿದ್ಯೆ ಗಂಭೀರವಾಗಿ ಬೆಳೆದದ್ದು ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಮೊದಲು ಬೆಳೆಸಿದವರು ಬಾಜಿ ಕಟ್ಟುವವರು, ಆಮೇಲೆ ಪ್ರೊಫೆಸರುಗಳು. ಯಾರು ಗೆಲ್ಲುತ್ತಾರೆ ಎಂದು ಕೇಳುವ ಬದಲು ಎಷ್ಟು ಅಂಕದಿಂದ ಗೆಲ್ಲುತ್ತಾರೆ ಎಂದು ಕೇಳುವ ಪದ್ಧತಿಯನ್ನು 1940ರ ದಶಕದಲ್ಲಿ ಬಳಕೆಗೆ ತಂದ ಶ್ರೇಯ ಚಿಕಾಗೋದ ಚಾರ್ಲ್ಸ್ ಮೆಕ್‌ನೀಲ್‌ಗೆ ಸಲ್ಲುತ್ತದೆ. ಅತ್ತ ಚೆಸ್ ಆಟಗಾರರ ಬಲ ಅಳೆಯಲು ಅರ್ಪಾದ್ ಎಲೊ ರೂಪಿಸಿದ ರೇಟಿಂಗನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲೂ ಫಿಡೆ 1970ರಲ್ಲೂ ಒಪ್ಪಿಕೊಂಡವು. ಗೆದ್ದರೆ ಅಂಕ ಏರುತ್ತದೆ, ಬಲಿಷ್ಠರನ್ನು ಮಣಿಸಿದರೆ ಇನ್ನಷ್ಟು ಏರುತ್ತದೆ, ಅಷ್ಟೇ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳಿಗೆ ಇವತ್ತು ಹಾಕುವ ಎಷ್ಟೋ ಲೆಕ್ಕಗಳ ಬೇರು ಅಲ್ಲಿದೆ. 1971ರಲ್ಲಿ ವರ್ಜಿಲ್ ಕಾರ್ಟರ್ ಎಂಬ ಆಟಗಾರ ರಾಬರ್ಟ್ ಮಾಖೋಲ್ ಜೊತೆ ಸೇರಿ, ಮೈದಾನದ ಯಾವ ಗೆರೆಯಲ್ಲಿ ಚೆಂಡು ಸಿಕ್ಕರೆ ಸರಾಸರಿ ಎಷ್ಟು ಅಂಕ ಬರುತ್ತದೆ ಎಂದು ಲೆಕ್ಕ ಹಾಕಿದ. ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಲೆಕ್ಕದ ಪುಸ್ತಕ ಹಿಡಿದು ಕೂತದ್ದು ನನಗೆ ಈ ಚರಿತ್ರೆಯಲ್ಲೇ ಇಷ್ಟವಾದ ಸಂಗತಿ.

ದೊಡ್ಡ ತಿರುವು 1991ರದು. ಸಂಖ್ಯಾಶಾಸ್ತ್ರಜ್ಞ ಹಾಲ್ ಸ್ಟರ್ನ್ ಬಾಜಿಪೇಟೆಯ ಅಂದಾಜನ್ನೂ ನಿಜವಾದ ಅಂತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಂದಾಜು ಸರಾಸರಿಯಲ್ಲಿ ಸರಿಯಾಗೇ ಇತ್ತು. ಆದರೆ ಒಂದೊಂದು ಪಂದ್ಯದಲ್ಲೂ ಫಲಿತಾಂಶ ಅದರಿಂದ ಆಚೀಚೆ ಸರಿಯುತ್ತಿತ್ತು. ಆ ವ್ಯತ್ಯಾಸದ ಪ್ರಮಾಣಿತ ವಿಚಲನೆ ಸುಮಾರು 14 ಅಂಕ. ಈ ಒಂದು ಸಂಖ್ಯೆ ಕೈಗೆ ಸಿಕ್ಕರೆ ಉಳಿದದ್ದು ಸಲೀಸು. 7 ಅಂಕದ ಫೇವರಿಟ್ ತಂಡ ನೂರರಲ್ಲಿ ಸುಮಾರು 69 ಸಲ ಗೆಲ್ಲುತ್ತದೆ, 31 ಸಲ ಸೋಲುತ್ತದೆ. 1969ರ ಜನವರಿಯ ಸೂಪರ್ ಬೌಲ್‌ನಲ್ಲಿ 18 ಅಂಕದ ಫೇವರಿಟ್ ಕೋಲ್ಟ್ಸ್ ತಂಡವನ್ನು ಜೆಟ್ಸ್ 16–7ರಿಂದ ಸೋಲಿಸಿದ್ದನ್ನು ಪವಾಡ ಎನ್ನುತ್ತಾರೆ. ಈ ಲೆಕ್ಕದಲ್ಲಿ ಅದು ಹತ್ತರಲ್ಲಿ ಒಂದು ಸಲ ಆಗಬೇಕಾದದ್ದೇ.

ಕ್ರಿಕೆಟ್‌ಗೆ ಈ ವಿದ್ಯೆ ಮಳೆಯ ನೆಪದಲ್ಲಿ ಬಂತು. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಒಂದೇ ಚೆಂಡಿನಲ್ಲಿ 22 ರನ್ ಬೇಕೆಂದು ಸ್ಕೋರ್‌ಬೋರ್ಡ್ ತೋರಿಸಿದ ಮೇಲೆ ಹಳೆಯ ಮಳೆ ನಿಯಮದ ಮರ್ಯಾದೆ ಉಳಿಯಲಿಲ್ಲ. 1997ರ ಜನವರಿ 1ರಂದು ಡಕ್ವರ್ತ್–ಲೂಯಿಸ್ ಪದ್ಧತಿ ಮೊದಲ ಸಲ ಬಳಕೆಯಾಯಿತು. ಉಳಿದ ಓವರು, ಕೈಯಲ್ಲಿರುವ ವಿಕೆಟ್ಟು, ಇವೆರಡರಿಂದ ಇನ್ನೆಷ್ಟು ರನ್ ಬರಬಹುದೆಂದು ಊಹಿಸುವ ಯಂತ್ರ ಅದು. ಈಚೆಗೆ ಅದರ ಹೆಸರಿಗೆ ಸೇರಿಕೊಂಡ ಸ್ಟರ್ನ್ ಬೇರೆ, ಅವರು ಸ್ಟೀವನ್. 2012ರಲ್ಲಿ ನ್ಯೂಜಿಲೆಂಡ್‌ನ ಟಿವಿ ಪರದೆಯ ಮೇಲೆ ಗೆಲ್ಲುವ ಶೇಕಡಾವಾರನ್ನು ಚೆಂಡು ಚೆಂಡಿಗೂ ತೋರಿಸುವ ವಾಸ್ಪ್ ಬಂತು. ಈಗ ಅಂಥದ್ದಿಲ್ಲದ ಪ್ರಸಾರವೇ ಅಪರೂಪ.

ಇಷ್ಟಾದರೂ ಪ್ಲೇಆಫ್ ಎಂಬುದು ಬೇರೆಯೇ ಪ್ರಾಣಿ. ಅಲ್ಲಿ ತಂಡದ ಬಲಕ್ಕಿಂತ ಮೊದಲು ನೋಡಬೇಕಾದ್ದು ಪಂದ್ಯಾವಳಿಯ ಹಂದರ. ಎಲ್ಲ ತಂಡಗಳೂ ಸಮಬಲ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ ಎಂದುಕೊಳ್ಳಿ. ಎನ್‌ಎಫ್‌ಎಲ್‌ನ 14 ತಂಡಗಳಲ್ಲಿ ಮೊದಲ ಸುತ್ತಿನ ವಿರಾಮ ಪಡೆದ ಎರಡಕ್ಕೆ ಮೂರು ಗೆಲುವು ಸಾಕು. ಕಪ್ಪಿನ ಸಾಧ್ಯತೆ ಶೇ. 12.5. ಉಳಿದ 12ಕ್ಕೆ ನಾಲ್ಕು ಬೇಕು, ಸಾಧ್ಯತೆ ಶೇ. 6.25. ಐಪಿಎಲ್ 2011ರಿಂದ ಅನುಸರಿಸುತ್ತಿರುವ ಹಂದರ ಮೇಲಿನ ಎರಡು ತಂಡಗಳಿಗೆ ಇನ್ನೂ ಉದಾರಿ: ಸೋತರೂ ಇನ್ನೊಂದು ಅವಕಾಶವಿದೆ. ನಾಣ್ಯದ ಲೆಕ್ಕದಲ್ಲೂ ಅವಕ್ಕೆ ತಲಾ ಶೇ. 37.5, ಮೂರು ಮತ್ತು ನಾಲ್ಕನೆಯವಕ್ಕೆ ತಲಾ 12.5. ಅಂದರೆ ಆಟಗಾರರ ಹೆಸರೇ ಗೊತ್ತಿಲ್ಲದವನೂ ಅರ್ಧ ಭವಿಷ್ಯ ಹೇಳಿಬಿಡಬಹುದು.

ನಡೆದದ್ದನ್ನು ನೋಡಿದರೆ, 2011ರಿಂದ 2025ರವರೆಗಿನ 15 ವರ್ಷಗಳಲ್ಲಿ ಮೊದಲ ಕ್ವಾಲಿಫೈಯರ್, ಅಂದರೆ ಮೇಲಿನ ಎರಡು ತಂಡಗಳ ನಡುವಿನ ಪಂದ್ಯ, ಗೆದ್ದ ತಂಡ 12 ಸಲ ಕಪ್ ಎತ್ತಿದೆ. ಬರೀ ನಾಣ್ಯದಾಟವಾಗಿದ್ದರೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಲ ಹಾಗಾಗುವುದು ನೂರರಲ್ಲಿ ಎರಡಕ್ಕಿಂತ ಕಡಿಮೆ. ಹಾಗೆಂದು ಇದನ್ನೇ ಸೂತ್ರ ಮಾಡಿಕೊಂಡರೆ ನಾವೂ ಬೆರಳು ಮಡಚುವವರ ಸಾಲಿಗೆ ಸೇರುತ್ತೇವೆ. 15 ವರ್ಷವೆಂದರೆ 15 ಪಂದ್ಯ.

ತಪ್ಪಿದ ಮೂರು ವರ್ಷ 2013, 2016, 2017. ನಡುವಿನದು ನಮ್ಮದು. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲೇ ನಡೆದ ಫೈನಲ್‌ನಲ್ಲಿ, ಆ ಟೂರ್ನಿಯಲ್ಲಿ 973 ರನ್ ಹೊಡೆದ ಕೊಹ್ಲಿಯ ಆರ್‌ಸಿಬಿ ಮುಂದೆ ಗುರಿ 209. ಗೇಲ್ 38 ಚೆಂಡಿಗೆ 76 ಬಾರಿಸಿ ಔಟಾದಾಗ ಸ್ಕೋರು 10.3 ಓವರಿಗೆ 114. ಬೇಕಿದ್ದದ್ದು 57 ಚೆಂಡಿಗೆ 95, ಕೈಯಲ್ಲಿ ಒಂಬತ್ತು ವಿಕೆಟ್. ಯಾವ ಮಾದರಿಯನ್ನು ಕೇಳಿದರೂ ಬೆಂಗಳೂರಿನ ಕಡೆಗೇ ಕೈ ತೋರಿಸುತ್ತಿತ್ತು. ಸೋಲು ಎಂಟು ರನ್ನಿನದು. ಗೆದ್ದ ಸನ್‌ರೈಸರ್ಸ್, 2025ರವರೆಗೆ ಮೂರು–ನಾಲ್ಕನೆಯವರ ಎಲಿಮಿನೇಟರ್‌ನಿಂದ ಹತ್ತಿಬಂದು ಕಪ್ ಗೆದ್ದ ಒಂದೇ ತಂಡ.

ಹಾಗಾದರೆ ಆ ಮಾದರಿ ತಪ್ಪೇ? ಒಂದು ಪಂದ್ಯದಿಂದ ಅದನ್ನು ಹೇಳಲಾಗದು. 1950ರಲ್ಲಿ ಹವಾಮಾನದವರಿಗಾಗಿ ಗ್ಲೆನ್ ಬ್ರಯರ್ ಕೊಟ್ಟ ಅಳತೆಗೋಲೇ ಇಲ್ಲೂ ಬಳಕೆಯಲ್ಲಿದೆ. ಶೇ. 70 ಎಂದು ಹೇಳಿ ಗೆದ್ದರೆ ದಂಡ 0.09, ಸೋತರೆ 0.49. ಖಂಡಿತ ಗೆಲ್ಲುತ್ತದೆ ಎಂದು ಹೇಳಿ ಸೋತರೆ ಪೂರ್ತಿ 1. ನೂರಾರು ಪಂದ್ಯಗಳ ದಂಡ ಕೂಡಿಸಿದಾಗಲೇ ಯಾರ ಮಾತಿಗೆ ಬೆಲೆ ಎಂದು ಗೊತ್ತಾಗುವುದು. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿದವರು ಕಟ್ಟಿದ ದಂಡ ಬ್ರಯರ್ ಲೆಕ್ಕದಲ್ಲಿ ಭಾರಿಯೇ, ಪ್ರೀತಿಯ ಲೆಕ್ಕ ಬೇರೆ.

ಒಂದೇ ಸಂಖ್ಯೆ ಹೇಳುವ ಚಟವನ್ನು ಬಂಡೀಪುರದ ಕಾಡಿನಲ್ಲೂ ಬಿಡಿಸಬೇಕಾಯಿತು. ಹೆಜ್ಜೆಗುರುತು ಎಣಿಸಿ ಇಷ್ಟೇ ಹುಲಿ ಎನ್ನುತ್ತಿದ್ದ ಕಾಲ ಹೋಗಿ, ಉಲ್ಲಾಸ ಕಾರಂತ ಮತ್ತು ಜೇಮ್ಸ್ ನಿಕೊಲ್ಸ್ ಬೆಳೆಸಿದ ಕ್ಯಾಮೆರಾ ಟ್ರ್ಯಾಪ್ ವಿಧಾನ ಬಂದ ಮೇಲೆ ಅಂದಾಜಿನ ಜೊತೆ ಅದರ ಮಿತಿಯನ್ನೂ ಹೇಳುವುದು ರೂಢಿಯಾಯಿತು. 2022ರಲ್ಲಿ ದೇಶದ ಹುಲಿಗಳು ಸರಾಸರಿ 3,682, ಮೇಲಿನ ಮಿತಿ 3,925. ಆಟದ ಪಂಡಿತರಿಗೆ ಇನ್ನೂ ಈ ಸಂಯಮ ಬಂದಿಲ್ಲ.

ಮಾದರಿಗಳಿಗೆ ಇವತ್ತಿಗೂ ಹಿಡಿತಕ್ಕೆ ಸಿಗದಿರುವುದು ಕೊನೆಯ ಗಳಿಗೆಯ ಸುದ್ದಿ. 2025ರಲ್ಲಿ ಐಪಿಎಲ್ ನಡುವೆ ಒಂದು ವಾರ ನಿಂತಿತು, ಪ್ಲೇಆಫ್ ತಾಣಗಳು ಬದಲಾದವು, ಆರ್‌ಸಿಬಿಯ ಬೌಲರ್ ಹೇಜಲ್‌ವುಡ್ ಭುಜದ ನೋವಿನಿಂದ ಆಡದೆ ಉಳಿದಿದ್ದರು. ಲೀಗ್ ಹಂತದ ಅಂಕಿಗಳನ್ನಷ್ಟೇ ತಿಂದ ಗಣಕಕ್ಕೆ ಆ ಭುಜ ವಾಸಿಯಾಯಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಮುಲ್ಲನಪುರದ ಮೊದಲ ಕ್ವಾಲಿಫೈಯರ್‌ಗೆ ಅವರು ಮರಳಿ 21 ರನ್ನಿಗೆ ಮೂರು ವಿಕೆಟ್ ಕಿತ್ತರು, ಪಂಜಾಬ್ 101ಕ್ಕೆ ಆಲೌಟ್ ಆಯಿತು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಮತ್ತೆ ಅದೇ ಪಂಜಾಬ್. ಈ ಸಲ ಆರ್‌ಸಿಬಿ ಗೆದ್ದ ಅಂತರ ಬರೀ ಆರು ರನ್, ಅದು ಯಾವ ಮಾದರಿಯ ಲೆಕ್ಕದಲ್ಲೂ ತಿರುವುಮುರುವಾಗಬಹುದಾಗಿದ್ದ ಅಂತರ.